ಎರಡು ಗಂಟೆಯ ಸೈರನ್

1963ರ ಮಾರ್ಚ್ ತಿಂಗಳು. ನಾನಾಗ ಭದ್ರಾವತಿಯ ಹೊರವಲಯದಲ್ಲಿದ್ದ ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿದ್ದೆ. ವಯಸ್ಸು ಇಪ್ಪತ್ತೇಳು, ನೌಕರಿಗೆ ಸೇರಿ ನಾಲ್ಕು ವರ್ಷ. ಆಮೇಲೆ ಮೂವತ್ತೊಂದು ವರ್ಷ ಇದೇ ಕೆಲಸದಲ್ಲಿ ಸವೆದೆ. ಹಲವು ಊರು ಸುತ್ತಿದೆ, ಇದಕ್ಕಿಂತ ಎಷ್ಟೋ ದೊಡ್ಡ ಸ್ಟೇಷನ್ನುಗಳ ಹೊಣೆ ಹೊತ್ತೆ. ಆದರೂ ಮರೆಯಲಾಗದ ಅನುಭವ ಯಾವುದೆಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ತಿಂಗಳ ಒಂದು ಶುಕ್ರವಾರದ ಮಧ್ಯಾಹ್ನ. ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆ ಅದಲ್ಲ. ಇಷ್ಟು ವರ್ಷ ಹೇಳದೆ ಇದ್ದದ್ದಕ್ಕೆ ಕಾರಣವೂ ಅದೇ.

ಸಬ್‌ಸ್ಟೇಷನ್ ಎಂದರೆ ಏನು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಜೋಗದಿಂದ ಹೊರಟ ದೊಡ್ಡ ಲೈನು ನಮ್ಮಲ್ಲಿಗೆ ಬಂದು, ಅದರ ವೋಲ್ಟೇಜು ಟ್ರಾನ್ಸ್‌ಫಾರ್ಮರಿನಲ್ಲಿ ಇಳಿದು, ಅಲ್ಲಿಂದ ನಾಲ್ಕು ಕವಲಾಗಿ ಹೊರಡುತ್ತಿತ್ತು. ಈ ಕವಲುಗಳಿಗೆ ಫೀಡರ್ ಎನ್ನುತ್ತೇವೆ. ಒಂದು ಕಾರ್ಖಾನೆಗೆ, ಒಂದು ನ್ಯೂಟೌನಿಗೆ, ಒಂದು ಓಲ್ಡ್‌ಟೌನಿಗೆ, ಇನ್ನೊಂದು ಹೊಳೆಹೊನ್ನೂರು ಕಡೆಯ ಹಳ್ಳಿಗಳಿಗೆ. ಒಂದೊಂದು ಫೀಡರಿಗೂ ಒಂದೊಂದು ಬ್ರೇಕರ್, ಅಂದರೆ ಆಳೆತ್ತರದ ಕಬ್ಬಿಣದ ಪೆಟ್ಟಿಗೆಯೊಳಗಿನ ಸ್ವಿಚ್ಚು. ಅದರ ಹಿಡಿ ಎಳೆದರೆ ಅರ್ಧ ಊರು ಕತ್ತಲು, ಹಾಕಿದರೆ ಬೆಳಕು. ಕೇಳಿದವರಿಗೆ ಭಾರೀ ಅಧಿಕಾರ ಅನಿಸಬಹುದು. ಆ ಬೇಸಿಗೆಯಲ್ಲಿ ನನಗೆ ಆ ಹಿಡಿಗಳನ್ನು ನೋಡಿದರೆ ವಾಕರಿಕೆ ಬರುತ್ತಿತ್ತು.

ಕಾರಣ ಪವರ್ ಕಟ್. ಆಗ ನಮಗೆ ಬರುತ್ತಿದ್ದ ಕರೆಂಟೆಲ್ಲ ನೀರಿನದೇ. ಮಳೆ ಹಿಂದಿನ ವರ್ಷ ಕೈಕೊಟ್ಟಿತ್ತು, ಜಲಾಶಯ ಇಳಿದಿತ್ತು. ಶರಾವತಿಯಲ್ಲಿ ಹೊಸ ಅಣೆಕಟ್ಟಿನ ಕೆಲಸ ನಡೆಯುತ್ತಿತ್ತು, ಅದು ಮುಗಿಯುವ ತನಕ ಇದ್ದದ್ದರಲ್ಲೇ ಎಲ್ಲರಿಗೂ ಹಂಚಬೇಕಿತ್ತು. ದಿನಾ ಬೆಳಿಗ್ಗೆ ಶಿವಮೊಗ್ಗದ ವಿಭಾಗ ಕಚೇರಿಯಿಂದ ಫೋನು ಬರುತ್ತಿತ್ತು, ಇಂದು ಇಷ್ಟು ಲೋಡ್ ಇಳಿಸಿ ಎಂದು. ಕಾರ್ಖಾನೆಯ ಫೀಡರ್ ಮುಟ್ಟುವಂತಿರಲಿಲ್ಲ, ಅಲ್ಲಿ ವಿದ್ಯುತ್ ಕುಲುಮೆಗಳಿದ್ದವು. ಕರೆಂಟು ಹೋದರೆ ಒಳಗಿನ ಕಬ್ಬಿಣ ಹೆಪ್ಪುಗಟ್ಟಿ ಕುಲುಮೆಯೇ ಹಾಳು. ಹಾಗಾಗಿ ಕಡಿಯುವುದು ಉಳಿದ ಮೂರರಲ್ಲೇ. ಓಲ್ಡ್‌ಟೌನಿಗೆ ಬೆಳಿಗ್ಗೆ ಹತ್ತರಿಂದ ಹನ್ನೆರಡು, ನ್ಯೂಟೌನಿಗೆ ಮಧ್ಯಾಹ್ನ ಎರಡರಿಂದ ನಾಲ್ಕು, ಹಳ್ಳಿಗಳಿಗೆ ಮಿಕ್ಕಾಗಲೆಲ್ಲ. ಹಿಟ್ಟಿನ ಗಿರಣಿಯವರು, ಪ್ರೆಸ್ಸಿನವರು, ಆಸ್ಪತ್ರೆಯವರು, ಮನೆಯಲ್ಲಿ ಮದುವೆ ಇಟ್ಟುಕೊಂಡವರು, ಎಲ್ಲರೂ ನಮಗೇ ಫೋನು ಮಾಡಿ ಬಯ್ಯುತ್ತಿದ್ದರು. ಕೆಲವರು ನನ್ನ ತಂದೆ ತಾಯಿಯನ್ನೂ ನೆನೆಯುತ್ತಿದ್ದರು. ಜಲಾಶಯದ ನೀರನ್ನು ನಾನೇ ಕುಡಿದು ಮುಗಿಸಿದ್ದೇನೋ ಎಂಬಂತೆ ಅವರ ಮಾತು. ಮೊದಮೊದಲು ಸಮಜಾಯಿಷಿ ಹೇಳುತ್ತಿದ್ದೆ. ಎರಡು ತಿಂಗಳಾದ ಮೇಲೆ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಕೂರುವುದು ಅಭ್ಯಾಸವಾಯಿತು.

ಇನ್ನು ಲೈನ್ ಕ್ಲಿಯರ್ ಎಂಬುದನ್ನು ಹೇಳಬೇಕು, ಈ ಕಥೆ ನಿಂತಿರುವುದೇ ಅದರ ಮೇಲೆ. ಲೈನ್‌ಮನ್ ಕಂಬ ಹತ್ತುವ ಮುಂಚೆ ಸಬ್‌ಸ್ಟೇಷನ್ನಿಗೆ ಫೋನು ಮಾಡಿ ಅಥವಾ ಖುದ್ದಾಗಿ ಬಂದು ಅನುಮತಿ ಕೇಳಬೇಕು. ನಾವು ಆ ಫೀಡರಿನ ಬ್ರೇಕರ್ ತೆಗೆದು, ಬೀಗ ಹಾಕಿ, ‘ಕೆಲಸ ನಡೆದಿದೆ’ ಎಂಬ ಕೆಂಪು ತಗಡು ತೂಗುಹಾಕಿ, ಪುಸ್ತಕದಲ್ಲಿ ಬರೆದು, ಅವನಿಗೊಂದು ನಂಬರು ಕೊಡುತ್ತೇವೆ. ಅದು ಲೈನ್ ಕ್ಲಿಯರ್. ಅವನು ಕೆಲಸ ಮುಗಿಸಿ ಇಳಿದು ಬಂದು ಅದೇ ನಂಬರು ಹೇಳಿ ವಾಪಸು ಒಪ್ಪಿಸುವ ತನಕ ದೇವರೇ ಬಂದು ಹೇಳಿದರೂ ಆ ಬ್ರೇಕರ್ ಹಾಕುವಂತಿಲ್ಲ. ಹನ್ನೊಂದು ಸಾವಿರ ವೋಲ್ಟಿನ ತಂತಿಗೂ ಬರಿಗೈಗೂ ನಡುವೆ ಇರುವುದು ಅದೊಂದೇ.

ನ್ಯೂಟೌನ್ ಫೀಡರಿನ ಲೈನ್‌ಮನ್ ಖಾಸಿಂ ಸಾಬ್. ನಲವತ್ತೈದರ ಆಚೀಚೆ, ತೆಳ್ಳಗೆ, ಎತ್ತರಕ್ಕೆ, ಮಾತು ಕಡಿಮೆ. ಹತ್ತೊಂಬತ್ತು ವರ್ಷದಿಂದ ಕಂಬ ಹತ್ತುತ್ತಿದ್ದರೂ ಇನ್ನೂ ವರ್ಕ್‌ಚಾರ್ಜ್ ನೌಕರ, ಅಂದರೆ ಕಾಯಂ ಅಲ್ಲ. ನಾಳೆ ಬರಬೇಡ ಎಂದರೆ ಹೋಗಬೇಕು, ಪಿಂಚಣಿ ಇಲ್ಲ. ಆ ವರ್ಷ ಅವನ ಹೆಸರು ಕಾಯಂ ಮಾಡುವವರ ಪಟ್ಟಿಯಲ್ಲಿ ಸೇರಿ ಶಿವಮೊಗ್ಗದ ಕಚೇರಿಯಲ್ಲಿ ಸಹಿಗೆ ಕೂತಿತ್ತು. ಅದರ ಗತಿ ಏನಾಯಿತು ಎಂದು ಅವನು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಶಿವಮೊಗ್ಗದಿಂದ ಟಪ್ಪಾಲು ಬಂದ ದಿನ ಮಾತ್ರ ನಮ್ಮ ಕಚೇರಿಯ ಬಾಗಿಲಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದ.

ಪವರ್ ಕಟ್ ಶುರುವಾದ ಹೊಸದರಲ್ಲಿ ಅವನೇ ನನ್ನ ಹತ್ತಿರ ಬಂದ.

“ಸಾರ್, ನನ್ನ ಫೀಡರು ಹೇಗೂ ಎರಡರಿಂದ ನಾಲ್ಕು ಆಫ್ ಇರ್ತದೆ. ಲೈನ್ ಕ್ಲಿಯರಿಗೆ ಅಂತ ಟಿಂಬರ್ ಡಿಪೋ ಫೋನಿನ ತನಕ ನಡೆದು, ಲೈನ್ ಸಿಗೋ ತನಕ ಕಾದು, ವಾಪಸ್ ಬರೋ ಹೊತ್ತಿಗೆ ಒಂದು ಗಂಟೆ ಹೋಗ್ತದೆ. ಆಮೇಲೆ ಕೆಲಸ ಯಾವಾಗ ಮಾಡ್ಲಿ? ಕಾರ್ಖಾನೆ ಸೈರನ್ ಆದ್ರೆ ಹತ್ತುತೀನಿ, ಮೂರೂಮುಕ್ಕಾಲಿಗೆ ಇಳಿದಿರ್ತೀನಿ.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಭದ್ರಾವತಿಯಲ್ಲಿ ಗಡಿಯಾರ ಇಲ್ಲದವರಿಗೂ ಹೊತ್ತು ಗೊತ್ತು. ಕಾರ್ಖಾನೆಯ ಶಿಫ್ಟ್ ಬದಲಾಗುವಾಗ ಸೈರನ್ ಕೂಗುತ್ತದೆ, ಎರಡು ಗಂಟೆಯ ಸೈರನ್ನಿಗೆ ಊರೆಲ್ಲ ತಲೆಯೆತ್ತುತ್ತದೆ. ನಾನೂ ಅದೇ ಸೈರನ್ನಿಗೆ ಸರಿಯಾಗಿ ನ್ಯೂಟೌನ್ ಬ್ರೇಕರ್ ಎಳೆಯುತ್ತಿದ್ದೆ. ಕಟ್ಟುಪಾಡಿನ ಪ್ರಕಾರ ನಾನು ‘ಆಗುವುದಿಲ್ಲ’ ಅನ್ನಬೇಕಿತ್ತು. ಹಾಗಂದರೆ ಕೆಲಸ ನಿಲ್ಲುತ್ತದೆ, ಮತ್ತೆ ನನಗೇ ಫೋನು. ‘ಆಗಲಿ’ ಅಂದರೆ ನಾಳೆ ನನ್ನ ಕುತ್ತಿಗೆಗೆ ಬರುತ್ತದೆ. ನಮ್ಮ ಕಚೇರಿಗಳಲ್ಲಿ ಇಂಥ ಹೊತ್ತಿಗೆಂದೇ ಒಂದು ಮಾತಿದೆ, ಅದನ್ನೇ ಆಡಿದೆ.

“ನೋಡ್ಕೊಂಡು ಮಾಡಿ ಸಾಬರೇ,” ಅಂದೆ.

ಒಪ್ಪಿದ ಹಾಗೂ ಆಯಿತು, ಒಪ್ಪದ ಹಾಗೂ ಆಯಿತು. ಅವನು ತಲೆಯಾಡಿಸಿ ಹೋದ. ಅಂದಿನಿಂದ ಸೈರನ್ನೇ ಅವನ ಲೈನ್ ಕ್ಲಿಯರ್. ಓಲ್ಡ್‌ಟೌನಿನ ಲೈನ್‌ಮನ್ನರೂ ತಮ್ಮ ಕಟ್ ಸಮಯಕ್ಕೆ ಹಾಗೇ ಹತ್ತತೊಡಗಿದರು. ಎಲ್ಲರಿಗೂ ಗೊತ್ತಿತ್ತು, ಪುಸ್ತಕದಲ್ಲಿ ಮಾತ್ರ ಎಲ್ಲಿಯೂ ಇರಲಿಲ್ಲ. ತಂತಿಗೆ ಕೈ ಹಾಕುವ ಮುಂಚೆ ಅದನ್ನು ನೆಲಕ್ಕೆ ಜೋಡಿಸಲು ಉದ್ದ ಬಿದಿರಿನ ಅರ್ಥ್ ರಾಡ್ ಒಂದಿತ್ತು. ಲೈನ್‌ಮನ್ನರ ಇಡೀ ಸೆಕ್ಷನ್ನಿಗೆ ಅದೊಂದೇ. ಸೈಕಲ್ಲಿನಲ್ಲಿ ಒಯ್ಯಲು ಆಗದಷ್ಟು ಉದ್ದವಾದ್ದರಿಂದ ಅದು ಕಚೇರಿಯ ಮೂಲೆಯಲ್ಲಿ ಜೇಡರ ಬಲೆ ಕಟ್ಟಿಸಿಕೊಂಡು ನಿಂತಿತ್ತು.

ಆ ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ನ್ಯೂಟೌನಿನ ಒಂದು ಶಾಲೆಯ ಹಾಲಿನಲ್ಲಿ ಉಪನ್ಯಾಸವಿತ್ತು. ಮುಂಬೈಯಿಂದ ಬಂದ ವಿಜ್ಞಾನಿಯೊಬ್ಬರು ಅಣು ವಿದ್ಯುತ್ತಿನ ಬಗ್ಗೆ ಸ್ಲೈಡು ತೋರಿಸಿ ಮಾತಾಡುವವರಿದ್ದರು. ಯುರೇನಿಯಂ ಎಂಬ ಲೋಹದ ಪರಮಾಣು ಒಡೆದಾಗ ಬರುವ ಶಾಖದಿಂದ ನೀರು ಕುದಿಸಿ, ಆ ಹಬೆಯಿಂದ ಟರ್ಬೈನ್ ತಿರುಗಿಸಿ ಕರೆಂಟು ಮಾಡುವ ವಿದ್ಯೆ. ದೇಶದ ಮೊದಲ ಅಣು ವಿದ್ಯುತ್ ಕೇಂದ್ರ ಪಶ್ಚಿಮದ ಕಡಲ ತೀರದಲ್ಲಿ ಏಳಲಿದೆ ಎಂದು ಪತ್ರಿಕೆಗಳಲ್ಲಿ ಓದುತ್ತಿದ್ದ ಕಾಲ ಅದು. ಮಳೆ ಬರಲಿ ಬಿಡಲಿ, ಅದು ಉರಿಯುತ್ತಲೇ ಇರುತ್ತದೆ. ದಿನಾ ಬೆಳಿಗ್ಗೆ ಜಲಾಶಯದ ಮಟ್ಟ ಕೇಳಿ ಕೇಳಿ ಸಾಕಾಗಿದ್ದ ನನಗೆ ಅದು ಮೋಕ್ಷದ ಮಾತಿನಂತೆ ಕೇಳುತ್ತಿತ್ತು. ನನಗೂ ಆಮಂತ್ರಣ ಬಂದಿತ್ತು. ಆ ಕಾರ್ಡನ್ನು ಕಂಟ್ರೋಲ್ ರೂಮಿನ ಗಾಜಿನ ಕೆಳಗೆ ಇಟ್ಟು ಒಂದು ವಾರದಿಂದ ನೋಡುತ್ತಿದ್ದೆ.

ಹಿಂದಿನ ದಿನ ಕೆಲಸದ ಸಲಕರಣೆ ಒಯ್ಯಲು ಬಂದ ಖಾಸಿಂ ಸಾಬನೂ ಅದನ್ನು ನೋಡಿದ. ಏನೆಂದು ಕೇಳಿದ್ದಕ್ಕೆ ನಾನು ಉತ್ಸಾಹದಿಂದ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, “ನೀರಿಂದು ಮುಟ್ಟಿದ್ರೂ ಅಷ್ಟೇ, ಅಣುದು ಮುಟ್ಟಿದ್ರೂ ಅಷ್ಟೇ ಸಾರ್ ನಮಗೆ,” ಎಂದು ತಂತಿ ಕೂರಿಸುವ ಪಿಂಗಾಣಿಯ ಹೊಸ ಇನ್ಸುಲೇಟರ್ ಒಂದನ್ನು ಚೀಲಕ್ಕೆ ಹಾಕಿಕೊಂಡ. ಹೊಳೆ ದಂಡೆಯ ಕಂಬದಲ್ಲಿ ಪಿಂಗಾಣಿಯದೊಂದು ಬಿರುಕು ಬಿಟ್ಟಿದೆ, ಬದಲಿಸಬೇಕು ಎಂದ. ಯಾವಾಗ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಡ್ಯೂಟಿಗೆ ಬಂದೆ. ನನ್ನನ್ನು ಬಿಡಿಸಬೇಕಾಗಿದ್ದ ಸಹೋದ್ಯೋಗಿಗೆ ಜ್ವರವೆಂದು ಚೀಟಿ ಬಂತು. ಅಂದರೆ ಮಧ್ಯಾಹ್ನದ ಶಿಫ್ಟೂ ನನ್ನದೇ, ಉಪನ್ಯಾಸಕ್ಕೆ ತಿಲಾಂಜಲಿ. ಹದಿಮೂರು ದಿನದಿಂದ ವಾರದ ರಜೆ ಸಿಕ್ಕಿರಲಿಲ್ಲ. ಹನ್ನೊಂದು ಗಂಟೆಗೆ ಶಿವಮೊಗ್ಗದಿಂದ ಫೋನು ಬಂತು. ನಮ್ಮ ಎಕ್ಸಿಕ್ಯುಟಿವ್ ಇಂಜಿನಿಯರ್, ಅಂದರೆ ವಿಭಾಗದ ದೊಡ್ಡ ಸಾಹೇಬರು, ತಾವೇ ಮಾತಾಡಿದರು.

“ಇವತ್ತು ನ್ಯೂಟೌನ್ ಕಟ್ ಮಾಡ್ಬೇಡ್ರಿ. ಉಪನ್ಯಾಸ ಇದೆ, ಸ್ಲೈಡು, ಮೈಕು, ಫ್ಯಾನು ಎಲ್ಲಾ ಇದೆ. ಬದಲಿಗೆ ಹೊಳೆಹೊನ್ನೂರು ಇನ್ನೂ ಎರಡು ಗಂಟೆ ತೆಗೀರಿ. ನಾನೂ ಬರ್ತಾ ಇದೀನಿ. ಅಲ್ಲಿ ಕರೆಂಟ್ ಹೋದ್ರೆ ಮಾನ ಹೋಗುತ್ತೆ.”

ಹೂಂ ಸಾರ್ ಅಂದೆ. ಲಾಗ್ ಪುಸ್ತಕದಲ್ಲಿ ಬರೆದೆ. ಹೊಳೆಹೊನ್ನೂರಿನ ರೈತರು ಪಂಪು ನಿಂತದ್ದಕ್ಕೆ ಸಂಜೆ ಏನೇನು ಬಯ್ಯಬಹುದು ಎಂದು ಯೋಚಿಸಿದೆ. ಖಾಸಿಂ ಸಾಬನ ನೆನಪು ಬಂತೇ? ಇದನ್ನು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬಂತು ಎಂದೇ ಹೇಳಬೇಕು. ಒಂದು ಕ್ಷಣ ಬಂತು, ಸೊಳ್ಳೆಯ ಹಾಗೆ ಕಿವಿಯ ಹತ್ತಿರ ಸುಳಿದು ಹೋಯಿತು. ಆದರೆ ಕಟ್ ರದ್ದಾಗಿದೆ ಎಂದು ಲೈನ್‌ಮನ್ನಿಗೆ ಹೇಳಿಕಳಿಸುವ ಕ್ರಮ ನಮ್ಮಲ್ಲಿ ಇರಲಿಲ್ಲ. ಯಾಕೆ ಇರಬೇಕು? ಪುಸ್ತಕದ ಪ್ರಕಾರ ಲೈನ್ ಕ್ಲಿಯರ್ ಇಲ್ಲದೆ ಯಾರೂ ಹತ್ತುವುದೇ ಇಲ್ಲವಲ್ಲ. ಹೇಳಿಕಳಿಸಿದರೆ, ಅವರು ಹಾಗೇ ಹತ್ತುತ್ತಾರೆಂಬುದು ನನಗೆ ಗೊತ್ತಿದೆ ಎಂದು ಒಪ್ಪಿಕೊಂಡ ಹಾಗೆ. ಲೈನ್‌ಮನ್ನರ ಸೆಕ್ಷನ್ ಕಚೇರಿಯಲ್ಲಿ ಫೋನೂ ಇರಲಿಲ್ಲ, ಯಾರನ್ನಾದರೂ ಸೈಕಲ್ಲಿನಲ್ಲಿ ಅಟ್ಟಬೇಕಿತ್ತು. ಅಷ್ಟರಲ್ಲಿ ಮತ್ತೆ ಫೋನು ಹೊಡೆದುಕೊಂಡಿತು. ಗಿರಣಿಯವನು ಬಯ್ಯತೊಡಗಿದ, ನಾನು ರಿಸೀವರನ್ನು ಒಂದು ಗೇಣು ದೂರ ಹಿಡಿದೆ.

ಎರಡು ಗಂಟೆಗೆ ಸೈರನ್ ಕೂಗಿತು. ಅಭ್ಯಾಸಬಲದಿಂದ ಎದ್ದು ನಿಂತೆ. ನ್ಯೂಟೌನ್ ಬ್ರೇಕರಿನ ಮುಂದೆ ಹೋದವನು, ಇವತ್ತು ಇಲ್ಲ ಎಂದು ನೆನಪಾಗಿ ಹಿಂದಿರುಗಿ ಕೂತೆ.

ನನ್ನ ಕೈಕೆಳಗಿನ ಸ್ವಿಚ್‌ಬೋರ್ಡ್ ಅಟೆಂಡರ್ ತಂಗವೇಲು ಎರಡಕ್ಕೆ ಬರಬೇಕಾದವನು ಎರಡೂವರೆ ದಾಟಿದ ಮೇಲೆ ಬೆವರು ಸುರಿಸಿಕೊಂಡು ಬಂದ. ಕಾರ್ಖಾನೆಯ ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದ ತಮಿಳ, ಹುಡುಗಾಟದ ಮನುಷ್ಯ, ನನಗಿಂತ ಹತ್ತು ವರ್ಷ ದೊಡ್ಡವನು. ಸೈಕಲ್ ಪಂಕ್ಚರ್ ಆಯಿತೆಂದು ಕಥೆ ಶುರುಮಾಡಿದ. ಬಯ್ಯುವ ಶಕ್ತಿಯೂ ನನಗಿರಲಿಲ್ಲ. ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಾ ಅವನು ಅಂದ:

“ಸೇತುವೆ ಹತ್ರ ಖಾಸಿಂ ಭಾಯ್ ಸಿಕ್ಕಿದ್ರು ಸಾರ್. ಟೀ ಕುಡಿಸಿದ್ರು. ಇವತ್ತು ಜುಮ್ಮಾ ಅಲ್ವಾ, ನಮಾಜ್ ಮುಗಿಸಿ ಬಂದ್ರಂತೆ, ಅದಕ್ಕೇ ಲೇಟು. ಟೈಮೆಷ್ಟು ಅಂದ್ರು. ಎರಡೂ ಇಪ್ಪತ್ತು ಅಂದೆ. ಇನ್ನೂ ಬೇಕಾದಷ್ಟು ಟೈಮಿದೆ ಅಂತ ಬೆಲ್ಟು ಹೆಗಲಿಗೆ ಹಾಕ್ಕೊಂಡು ಹೊರಟ್ರು.”

ಗೋಡೆಯ ಗಡಿಯಾರ ನೋಡಿದೆ. ಎರಡು ಮೂವತ್ತೆಂಟು.

ಸೇತುವೆಯಿಂದ ಹೊಳೆ ದಂಡೆಯ ಆ ಕಂಬಕ್ಕೆ ಹತ್ತು ನಿಮಿಷದ ದಾರಿ. ಹತ್ತಲು, ಬೆಲ್ಟು ಬಿಗಿಯಲು ಐದಾರು ನಿಮಿಷ. ನ್ಯೂಟೌನ್ ಫೀಡರಿನ ಮೀಟರಿನ ಮುಳ್ಳು ಅಲುಗದೆ ನಿಂತಿತ್ತು. ತಂತಿ ಮುಟ್ಟಿದ್ದರೆ ಬ್ರೇಕರ್ ತಾನಾಗಿಯೇ ಬಿದ್ದು ಕರೆಂಟು ಕಡಿಯಬಹುದಿತ್ತು, ಬಿದ್ದಿಲ್ಲ. ಬೀಳಲೇಬೇಕೆಂದೂ ಇಲ್ಲ. ಫೀಡರ್ ತೆಗೆಯಲು ಮೇಲಿನವರ ಅನುಮತಿ ಬೇಕು, ಮೇಲಿನವರು ಅದೇ ಫೀಡರಿನ ಫ್ಯಾನಿನ ಕೆಳಗೆ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಪ್ರಾಣಾಪಾಯವಿದ್ದರೆ ಅನುಮತಿ ಬೇಡ ಎಂದು ನಿಯಮದಲ್ಲೇ ಇದೆ. ಇಷ್ಟೆಲ್ಲ ನಾನು ಯೋಚಿಸಿದ್ದು ಬ್ರೇಕರ್ ಎಳೆದ ಮೇಲೆ. ಎಳೆಯುವಾಗ ತಲೆಯಲ್ಲಿ ಏನೂ ಇರಲಿಲ್ಲ. ಢಬ್ ಎಂದು ಸದ್ದಾಯಿತು, ಮುಳ್ಳು ಸೊನ್ನೆಗೆ ಬಿತ್ತು. ಎರಡು ಮೂವತ್ತೊಂಬತ್ತು.

“ಸೈಕಲ್ ಹತ್ತು. ಸಾಬರು ಎಲ್ಲಿದ್ದಾರೆ ನೋಡಿ ಬಾ. ಮೇಲಿದ್ರೆ ಇಳಿಸು. ಕರೆಂಟ್ ಇತ್ತು ಅಂತ ಹೇಳು,” ಎಂದೆ. ತಂಗವೇಲುವಿನ ಮುಖ ಬೂದಿಯಾಯಿತು. ಅಂಗಿ ಹಾಕಿಕೊಳ್ಳದೆಯೇ ಓಡಿದ.

ಮೂರು ನಿಮಿಷಕ್ಕೆ ಫೋನು ಬಂತು. ಶಾಲೆಯ ಮುಖ್ಯೋಪಾಧ್ಯಾಯರ ಕೋಣೆಯಿಂದ ದೊಡ್ಡ ಸಾಹೇಬರು.

“ಏನ್ರೀ ಇದು, ಕರೆಂಟ್ ಯಾಕೆ ಹೋಯ್ತು?”

“ಬ್ರೇಕರ್ ಬಿದ್ದಿದೆ ಸಾರ್.”

“ಹಾಕ್ರಿ ಮತ್ತೆ.”

ಸತ್ಯ ಹೇಳಲು ಒಂದು ವಾಕ್ಯ ಸಾಕಿತ್ತು. ಕಂಬದ ಮೇಲೆ ಮನುಷ್ಯನಿದ್ದಾನೆ ಎಂದರೆ ಅವರು ಒಂದು ಮಾತೂ ಆಡುತ್ತಿರಲಿಲ್ಲ, ಅವರು ಕೆಟ್ಟವರಲ್ಲ. ಆದರೆ ಮರುಕ್ಷಣವೇ ಕೇಳುತ್ತಿದ್ದರು: ಲೈನ್ ಕ್ಲಿಯರ್ ನಂಬರು ಎಷ್ಟು? ನಂಬರಿಲ್ಲ ಎಂದರೆ ಅನುಮತಿಯಿಲ್ಲದೆ ಹತ್ತಿದ ವರ್ಕ್‌ಚಾರ್ಜ್ ಲೈನ್‌ಮನ್ನಿನ ಹೆಸರು ಅಂದೇ ಸಂಜೆ ಪಟ್ಟಿಯಿಂದ ಹೊಡೆದುಹೋಗುತ್ತಿತ್ತು, ಕೆಲಸವೂ.

“ಹಾಕಿದ್ರೂ ನಿಲ್ತಾ ಇಲ್ಲ ಸಾರ್. ನೋಡ್ತಾ ಇದೀನಿ,” ಅಂದೆ.

“ಎಷ್ಟು ಹೊತ್ತು?”

“ಹೇಳೋಕ್ಕಾಗಲ್ಲ ಸಾರ್.”

“ಇಷ್ಟು ಜನದ ಎದುರು ನನ್ನ ಮರ್ಯಾದೆ ತೆಗೀತಾ ಇದೀರ. ಇನ್ನೊಂದು ಸಲ ಹಾಕಿ ನೋಡ್ರಿ, ನಾನು ಹೇಳ್ತಾ ಇದೀನಿ.”

“ಹಾಕೋಕ್ಕಾಗಲ್ಲ ಸಾರ್.”

ಸಾಹೇಬರು ಫೋನು ಇಟ್ಟರು. ಮತ್ತೆ ಎರಡು ಸಲ ಫೋನು ಹೊಡೆದುಕೊಂಡಿತು, ನಾನು ಎತ್ತಲಿಲ್ಲ. ಬ್ರೇಕರಿಗೆ ಬೀಗ ಹಾಕಿ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದೆ. ಹತ್ತು ನಿಮಿಷವಾಯಿತು, ಹದಿನೈದಾಯಿತು, ತಂಗವೇಲು ಬರಲಿಲ್ಲ. ತಡವಾದಷ್ಟೂ ಅದಕ್ಕೆ ಒಂದೇ ಅರ್ಥ ಕಾಣುತ್ತಿತ್ತು. ಖಾಸಿಂ ಸಾಬನ ಹೆಂಡತಿಗೆ ಯಾರು ಹೇಳುವುದು, ಏನೆಂದು ಹೇಳುವುದು ಎಂಬ ತನಕ ಯೋಚನೆ ಹೋಗಿತ್ತು. ನನಗೆ ಆವತ್ತು ಆದ ಭಯ ಮತ್ತೆಂದೂ ಆಗಲಿಲ್ಲ.

ಮೂರು ಗಂಟೆ ಐದಕ್ಕೆ ತಂಗವೇಲು ಬಂದ. ಸೈಕಲ್ಲನ್ನು ಗೇಟಿನ ಬಳಿಯೇ ಬೀಳಿಸಿ ಒಳಗೆ ಬಂದು ನೆಲದ ಮೇಲೆ ಕೂತ.

“ಮೇಲಿದ್ರು ಸಾರ್. ಎರಡೂ ಕೈಯಲ್ಲಿ ತಂತಿ ಹಿಡ್ಕೊಂಡಿದ್ರು. ನಾನು ಕೂಗಿದ್ದು ಹೊಳೆ ಗಾಳಿಗೆ ಕೇಳಿಲ್ಲ. ಕಲ್ಲು ಹೊಡೆದು ಕರೆದೆ. ಹಳೇ ಇನ್ಸುಲೇಟರ್ ಬಿಚ್ಚಾಗಿತ್ತು, ತಂತಿ ಹಾಗೇ ಬಿಟ್ಟು ಇಳಿಯೋ ಹಾಗಿಲ್ಲ, ಹೊಸದು ಕಟ್ಟೇ ಇಳಿದ್ರು. ಅದಕ್ಕೇ ಇಷ್ಟು ಹೊತ್ತು. ಈಗ ಇಳಿದಿದ್ದಾರೆ, ಕೆಳಗೆ ಕೂತಿದ್ದಾರೆ. ನಾನೇ ಕಣ್ಣಾರೆ ನೋಡಿ ಬಂದೆ.”

“ಕೈ ಹಾಕಿದ್ದು ಯಾವಾಗಂತೆ?”

“ಗೊತ್ತಿಲ್ಲ ಸಾರ್. ಅವರ ಹತ್ರ ವಾಚಿಲ್ಲ.”

ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡು, ಮೂರು ಹತ್ತಕ್ಕೆ ಬ್ರೇಕರ್ ಹಾಕಿದೆ. ಒಟ್ಟು ಮೂವತ್ತೊಂದು ನಿಮಿಷ. ಸಭೆಯಲ್ಲಿದ್ದ ಉಪಾಧ್ಯಾಯರೊಬ್ಬರು ಆಮೇಲೆ ಹೇಳಿದರು: ಅಣು ಕೇಂದ್ರದ ಚಿತ್ರ ಪರದೆಯ ಮೇಲೆ ಬಂದಾಗಲೇ ಕರೆಂಟು ಹೋಯಿತಂತೆ. ಮುಂಬೈಯ ಆ ವಿಜ್ಞಾನಿ ಬೇಸರ ಮಾಡಿಕೊಳ್ಳದೆ, ಕಿಟಕಿ ತೆಗೆಸಿ, ‘ನಾನು ಹೇಳಬೇಕೆಂದಿದ್ದನ್ನು ನಿಮ್ಮ ಊರೇ ಹೇಳಿತು’ ಎಂದರಂತೆ. ಸಭೆ ನಕ್ಕಿತಂತೆ. ದೊಡ್ಡ ಸಾಹೇಬರು ನಗಲಿಲ್ಲ.

ಶನಿವಾರವೇ ನೋಟೀಸು ಕೈಸೇರಿತು. ಸ್ಪಷ್ಟ ಆದೇಶವಿದ್ದರೂ ನ್ಯೂಟೌನ್ ಫೀಡರ್ ನಿಂತದ್ದೇಕೆ, ಮತ್ತೆ ಹಾಕಲು ನಿರಾಕರಿಸಿದ್ದೇಕೆ, ಏಳು ದಿನದಲ್ಲಿ ಲಿಖಿತ ವಿವರಣೆ ಕೊಡಬೇಕು. ಎರಡು ವಾಕ್ಯ ಬರೆದರೆ ನಾನು ಪಾರು. ಮೆಚ್ಚುಗೆಯೂ ಸಿಗುತ್ತಿತ್ತೋ ಏನೋ. ಆ ಎರಡು ವಾಕ್ಯವನ್ನು ಬರೆದೂ ಬರೆದೆ. ಬರೆದು ಜೇಬಿನಲ್ಲಿಟ್ಟುಕೊಂಡು ನಾಲ್ಕು ದಿನ ತಿರುಗಿದೆ. ನಾನೇಕೆ ಬಲಿಯಾಗಬೇಕು? ಹತ್ತಿದವನು ಅವನು, ಲೈನ್ ಕ್ಲಿಯರ್ ತೆಗೆದುಕೊಳ್ಳದವನು ಅವನು. ಸಾಲದ್ದಕ್ಕೆ ಪ್ರಾಣ ಉಳಿಸಿದ್ದೇನೆ. ಒಂದು ಸಲ ಬಂದು ಕೈಮುಗಿದು ಹೋಗಬೇಕು ಎಂದೂ ಅವನಿಗೆ ಅನಿಸಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಸಿಟ್ಟಿತ್ತು.

ಐದನೆಯ ದಿನ ಖಾಸಿಂ ಸಾಬ್ ಬಂದ. ಬಾಗಿಲಲ್ಲಿ ನಿಲ್ಲದೆ ನೇರ ಒಳಗೆ ಬಂದು ನನ್ನ ಮೇಜಿನ ಎದುರು ನಿಂತ. ಈಗ ಧನ್ಯವಾದ ಹೇಳುತ್ತಾನೆ ಎಂದುಕೊಂಡೆ. ಅವನ ಕಣ್ಣು ಕೆಂಪಾಗಿತ್ತು.

“ಅವತ್ತು ಬೆಳಿಗ್ಗೆ ಹನ್ನೊಂದಕ್ಕೇ ಫೋನ್ ಬಂದಿತ್ತಂತಲ್ಲ ಸಾರ್, ಇವತ್ತು ಕಟ್ ಇಲ್ಲ ಅಂತ.”

“ಹೌದು.”

“ನಾನು ಸೈರನ್ನಿಗೆ ಹತ್ತುತೀನಿ ಅಂತ ನಿಮಗೆ ಗೊತ್ತಿತ್ತು.”

ನಾನು ಮೇಜಿನ ಮೇಲಿದ್ದ ಲಾಗ್ ಪುಸ್ತಕ ಮುಚ್ಚಿದೆ.

“ಮೂರು ಗಂಟೆ ಇತ್ತು ಸಾರ್ ನಡುವೆ. ಒಬ್ಬರ ಕೈಲಿ ಒಂದು ಮಾತು ಹೇಳಿ ಕಳಿಸೋಕ್ಕಾಗ್ಲಿಲ್ವಾ?”

ಅವನು ದನಿ ಎತ್ತಲಿಲ್ಲ. ಸುಸ್ತಾಗಿತ್ತು ಎಂದು ಹೇಳಲೇ? ಕ್ರಮ ಇರಲಿಲ್ಲ ಎಂದು ಹೇಳಲೇ? ನೀನೇ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕಿತ್ತು ಎಂದು ಹೇಳಲು ಬಾಯಿ ತೆರೆದೆ. ‘ನೋಡ್ಕೊಂಡು ಮಾಡಿ’ ಎಂದ ನನ್ನದೇ ದನಿ ಕಿವಿಯಲ್ಲಿ ಕೇಳಿ ಬಾಯಿ ಮುಚ್ಚಿದೆ.

“ನಂದೂ ತಪ್ಪಿದೆ,” ಎಂದು ಅವನೇ ಕೊನೆಗೆ ಅಂದ. “ನೀವು ಇದ್ದದ್ದು ಇದ್ದ ಹಾಗೆ ಬರ್ಕೊಳ್ಳಿ ಸಾರ್. ನಾನು ಬೇಡ ಅನ್ನಲ್ಲ.” ಬಂದ ಹಾಗೆಯೇ ಹೋದ.

ಅವತ್ತು ಜೇಬಿನ ಕಾಗದ ಹರಿದು ಬೇರೆ ಬರೆದೆ. ಹೊಳೆಹೊನ್ನೂರು ಬ್ರೇಕರ್ ಎಂದು ತಿಳಿದು ಕೈತಪ್ಪಿ ನ್ಯೂಟೌನಿನದನ್ನು ತೆಗೆದೆ, ಗಾಬರಿಯಲ್ಲಿ ಅದು ತಾನೇ ಬಿದ್ದಿದೆ ಎಂದು ಫೋನಿನಲ್ಲಿ ಹೇಳಿದೆ, ಮತ್ತೆ ಹಾಕಲು ಅಂಜಿದೆ, ತಪ್ಪು ಸಂಪೂರ್ಣ ನನ್ನದು ಎಂದು. ಖಾಸಿಂ ಸಾಬನ ಹೆಸರಿರಲಿಲ್ಲ. ಲಾಗ್ ಪುಸ್ತಕದ ಕಾರಣದ ಕಾಲಮ್ಮಿನಲ್ಲೂ ‘ಆಪರೇಟರನ ತಪ್ಪು’ ಎಂದು ಬರೆದು ಸಹಿ ಮಾಡಿದೆ. ಬರೆಯುವಾಗ ದೊಡ್ಡ ತ್ಯಾಗ ಮಾಡುತ್ತಿದ್ದೇನೆ, ಒಬ್ಬನಿಗಾಗಿ ಸುಳ್ಳು ಹೇಳುತ್ತಿದ್ದೇನೆ ಎಂಬ ಭಾವವಿತ್ತು. ಅದರಲ್ಲಿ ಸುಳ್ಳು ಎಷ್ಟಿತ್ತು ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು. ಬ್ರೇಕರಿನ ವಿವರ ಸುಳ್ಳು. ತಪ್ಪು ನನ್ನದು ಎಂಬ ಮಾತು ಸುಳ್ಳಾಗಿರಲಿಲ್ಲ.

ಶಿಕ್ಷೆಯೆಂದು ಬಡ್ತಿ ಎರಡು ವರ್ಷ ಮುಂದಕ್ಕೆ ಹೋಯಿತು, ಜೂನಿನಲ್ಲಿ ದೂರದ ಒಂದು ಊರಿಗೆ ವರ್ಗವಾಯಿತು. ಮೇ ತಿಂಗಳಲ್ಲಿ ಖಾಸಿಂ ಸಾಬ್ ಕಾಯಂ ಆದ. ಸಿಹಿ ಹಂಚಲು ಬಂದಾಗ ನನಗೂ ಒಂದು ಪೇಡ ಕೊಟ್ಟ, ಎಲ್ಲರಿಗೂ ಕೊಟ್ಟ ಹಾಗೆ.

ಈಗ ನಾನು ನಿವೃತ್ತನಾಗಿ ಬಹಳ ಕಾಲವಾಯಿತು. ಶಿವಮೊಗ್ಗದ ಆಲ್ಕೊಳದಲ್ಲಿ ಮನೆ. ಪಕ್ಕದ ಜಿಲ್ಲೆಯ ಕೈಗಾದಲ್ಲಿ ಅಣು ವಿದ್ಯುತ್ ತಯಾರಾಗುತ್ತಿದೆ, ಕಲ್ಲಿದ್ದಲಿನದೂ ಇದೆ, ಗಾಳಿಯದೂ ಇದೆ. ಬೇಸಿಗೆ ಬಂದರೆ ಪವರ್ ಕಟ್ಟೂ ಇದೆ. ದೇಶಕ್ಕೆ ಅಣು ಬೇಕೋ ನೀರು ಬೇಕೋ ಎಂದು ಪತ್ರಿಕೆಯಲ್ಲಿ ವಾದ ನಡೆದಾಗ ಓದುತ್ತೇನೆ, ಎರಡೂ ಕಡೆಯ ಮಾತು ಸರಿಯೆನಿಸುತ್ತದೆ, ಮಡಿಸಿ ಇಡುತ್ತೇನೆ. ಕರೆಂಟು ಎಲ್ಲಿಂದ ಬರಬೇಕು ಎಂಬುದನ್ನು ದೊಡ್ಡವರು ತೀರ್ಮಾನಿಸಲಿ. ತಂತಿಯಲ್ಲಿ ಅದು ಈಗ ಇದೆಯೋ ಇಲ್ಲವೋ ಎಂದು ಕಂಬದ ಬುಡದಲ್ಲಿ ನಿಂತವನಿಗೆ ಹೇಳುವುದು ನಮ್ಮಂಥವರ ಕೆಲಸ. ಹೌದು ಅಥವಾ ಇಲ್ಲ, ಎರಡರಲ್ಲಿ ಒಂದನ್ನು ಬಾಯಿಬಿಟ್ಟು ಹೇಳಬೇಕು. ಆ ವರ್ಷದ ನಂತರ ‘ನೋಡ್ಕೊಂಡು ಮಾಡಿ’ ಎಂಬ ಮಾತನ್ನು ನಾನು ಯಾರಿಗೂ ಆಡಲಿಲ್ಲ. ಮನೆಯಲ್ಲೂ ಆಡುವುದಿಲ್ಲ.

ಭದ್ರಾವತಿಯಲ್ಲಿ ನನಗಿದ್ದ ಆ ಕೊನೆಯ ಮೂರು ತಿಂಗಳು ಖಾಸಿಂ ಸಾಬ್ ಒಂದು ಸಲವೂ ಸೈರನ್ನಿಗೆ ಕಂಬ ಹತ್ತಲಿಲ್ಲ. ಟಿಂಬರ್ ಡಿಪೋದ ತನಕ ನಡೆದು ಫೋನು ಮಾಡುತ್ತಿದ್ದ. ನಾನು ಬ್ರೇಕರ್ ತೆಗೆದು ನಂಬರು ಹೇಳುತ್ತಿದ್ದೆ, ಅವನು ತಿರುಗಿ ಹೇಳುತ್ತಿದ್ದ. ಅಷ್ಟಕ್ಕೇ ಮುಗಿಯಬೇಕು, ಆದರೆ ಮುಗಿಸುತ್ತಿರಲಿಲ್ಲ. “ನೀವೇ ನೋಡಿದ್ರಾ ಸಾರ್?” ಎನ್ನುತ್ತಿದ್ದ. ನಾನೇ ನೋಡಿದ್ದೇನೆ ಸಾಬರೇ ಎಂದು ಹೇಳಿದ ಮೇಲೆಯೇ ಫೋನು ಇಡುತ್ತಿದ್ದ. ಪ್ರತಿ ಸಲವೂ ಆ ಪ್ರಶ್ನೆ ನನಗೆ ಚುಚ್ಚುತ್ತಿತ್ತು, ಚುಚ್ಚಲೆಂದು ಅವನು ಕೇಳುತ್ತಿರಲಿಲ್ಲ.

ನನ್ನ ಕೊನೆಯ ಶಿಫ್ಟಿನ ದಿನವೂ ಅವನ ಫೋನು ಬಂತು. ನಂಬರು ಕೊಟ್ಟೆ, ಕೇಳಿದ, ಹೇಳಿದೆ. ಆದರೂ ಫೋನು ಇಡಲಿಲ್ಲ.

“ನಾಳೆಯಿಂದ ಅಲ್ಲಿ ಯಾರು ಸಾರ್?”

ಹೊಸಬರ ಹೆಸರು ಹೇಳಿದೆ.

“ಅವರಿಗೆ ಹೇಳಿ ಹೋಗಿ ಸಾರ್, ಖಾಸಿಂ ಎರಡು ಸಲ ಕೇಳ್ತಾನೆ ಅಂತ. ಬೇಜಾರು ಮಾಡ್ಕೋಬಾರದು ಅಂತ.”

ಹೇಳಿದೆ. ಮರೆಯದಿರಲಿ ಎಂದು ಬ್ರೇಕರಿನ ಪಕ್ಕದ ಗೋಡೆಯ ಮೇಲೆ ಬರೆದೂ ಇಟ್ಟು ಬಂದೆ.